ಹೊಂದಿಕೊಳ್ಳುವುದು ಯಾವುದಕ್ಕೆ?

(ಸ್ವಸಹಾಯ ಗುಂಪುಗಳ ಸದಸ್ಯೆಯರ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರದೇಶದಲ್ಲಿ ಸಂಸಾರ ಹೂಡುವ ಹೆಣ್ಣುಮಕ್ಕಳ ಬಗ್ಗೆ ಮಾತಾಡಿ ಎಂದು ನಿಮ್ಮ ಒಕ್ಕೂಟದವರು ನನ್ನನ್ನು ಕರೆದಾಗ, ವಾರವಾರ ಐವತ್ತು ರೂಪಾಯಿ ಉಳಿತಾಯ ಕಟ್ಟುವವರಿಗೆ ಅಮೆರಿಕದ ಕತೆ ಯಾಕೆ ಎಂದು ಒಬ್ಬರು ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಳಿಗ್ಗೆ ನಿಮ್ಮ ಜೊತೆ ಚಹಾ ಕುಡಿಯುತ್ತಾ ನಾನೂ ವಿಚಾರಿಸಿದೆ. ಒಬ್ಬರ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಒಬ್ಬರ ತಂಗಿಯ ಮಗಳು ಜರ್ಮನಿಯಲ್ಲಿ. ಇಬ್ಬರು ತಾವೇ ಕುವೈತಿಗೆ ಹೋಗಿ ಮನೆಗೆಲಸ ಮಾಡಿ ಬಂದವರು. ಒಂದು ಗುಂಪಿನಲ್ಲಂತೂ ಮಗಳಿಗೆ ‘ಫಾರಿನ್ ಗಂಡು’ ಸಿಕ್ಕಿದ್ದಾನೆಂದು ಸಂಘದಿಂದಲೇ ಸಾಲ ಎತ್ತಿದ್ದಾರೆ. ಹಾಗಾಗಿ ಇದು ದೂರದ ವಿಷಯವೇನಲ್ಲ. ನಮ್ಮ ಉಳಿತಾಯದ ಪುಸ್ತಕದೊಳಗೇ ಬಂದು ಕೂತಿರುವ ವಿಷಯ.

ನಾನು ಮದುವೆಯಾದ ಆರು ವಾರಕ್ಕೆ, 1997ರ ಜನವರಿಯಲ್ಲಿ, ನ್ಯೂಜೆರ್ಸಿಗೆ ಹೋದೆ. ನನ್ನ ಗಂಡ ಕಂಪ್ಯೂಟರ್ ಕೆಲಸದವರು. 2000ನೇ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಲೆಕ್ಕ ತಪ್ಪುತ್ತವೆ ಎಂಬ ಭಯ ಆಗ ಅಲ್ಲಿ. ಅದನ್ನು ಸರಿಪಡಿಸಲು ನಮ್ಮ ಕಡೆಯ ಹುಡುಗರನ್ನು ಸಾಲುಸಾಲಾಗಿ ಕರೆಸಿಕೊಳ್ಳುತ್ತಿದ್ದರು. ಅವರ ಹಿಂದೆ ನಮ್ಮಂಥ ಹೊಸ ಹೆಂಡತಿಯರು, ಒಂದು ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ, ಇನ್ನೊಂದರಲ್ಲಿ ಸಾರಿನ ಪುಡಿ ತುಂಬಿಕೊಂಡು.

ಹೊಸ ದೇಶದಲ್ಲಿ ಕಷ್ಟ ಎಂದರೆ ಭಾಷೆ, ಊಟ, ಚಳಿ ಎಂದು ಎಲ್ಲರೂ ತಿಳಿಯುತ್ತಾರೆ. ಅವು ಕಷ್ಟವೇ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ದೀಪದ ಸ್ವಿಚ್ಚು ಮೇಲಕ್ಕೆ ಒತ್ತಿದರೆ ಹತ್ತುತ್ತದೆ, ಕೆಳಕ್ಕೆ ಒತ್ತಿದರೆ ಆರುತ್ತದೆ, ನಮ್ಮದಕ್ಕೆ ತಿರುಗಾಮುರುಗ. ಬಂಡಿಗಳು ರಸ್ತೆಯ ಬಲಗಡೆ ಓಡುವುದರಿಂದ ದಾಟುವಾಗ ಕತ್ತು ಮೊದಲು ಎಡಕ್ಕೆ ತಿರುಗಬೇಕು. ಒಗ್ಗರಣೆ ಹಾಕಿದರೆ ಗೋಡೆಯ ಮೇಲಿನ ಹೊಗೆ ಗಂಟೆ ಊರಿಗೇ ಕೇಳುವಂತೆ ಬಡಿದುಕೊಳ್ಳುತ್ತದೆ. ಟೀವಿಯಲ್ಲಿ ಇವತ್ತು 40 ಡಿಗ್ರಿ ಎನ್ನುತ್ತಾರೆ. ನಮಗೆ 40 ಎಂದರೆ ರಾಯಚೂರಿನ ಬೇಸಿಗೆ. ಅಲ್ಲಿಯ ಅಳತೆಯೇ ಬೇರೆ, 32ಕ್ಕೆ ನೀರು ಗಡ್ಡೆ ಕಟ್ಟುತ್ತದೆ, 40 ಎಂದರೆ ದಪ್ಪ ಕೋಟು ಬೇಕು. ತಾರೀಖು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. 5/6 ಎಂದು ಬರೆದಿದ್ದರೆ ಅದು ಜೂನ್ 5 ಅಲ್ಲ, ಮೇ 6. ಇದನ್ನು ನೆನಪಿಟ್ಟುಕೊಳ್ಳಿ. ಕೋರ್ಟಿನ ಕಾಗದದಲ್ಲಿ ಈ ಒಂದು ಗೀಟಿನ ಆಚೆ ಈಚೆ ಕೇಸೇ ಕೈತಪ್ಪಿ ಹೋಗಬಹುದು. ಆಗ ಒಂದು ಡಾಲರಿಗೆ 36 ರೂಪಾಯಿ. ಒಂದು ಕಟ್ಟು ಕೊತ್ತಂಬರಿಯನ್ನು 36ರಿಂದ ಗುಣಿಸಿ ನೋಡಿ ವಾಪಸು ಇಟ್ಟು ಬಂದವರು ಎಷ್ಟೋ ಜನ. (ನೀವು ನಗುತ್ತೀರಿ. ನಿಮ್ಮ ಮಗಳೂ ಇದನ್ನೇ ಮಾಡಿರುತ್ತಾಳೆ, ಕೇಳಿ ನೋಡಿ.)

ಇವೆಲ್ಲ ಒಂದು ವರ್ಷದಲ್ಲಿ ರೂಢಿಯಾಗುತ್ತವೆ. ನಮ್ಮ ಹೆಣ್ಣುಮಕ್ಕಳು ಹೊಸ ಮನೆಗೆ, ಹೊಸ ಒಲೆಗೆ ಹೊಂದಿಕೊಳ್ಳುವುದನ್ನು ಹುಟ್ಟಿದಾಗಿನಿಂದ ಕಲಿತವರು. ನಿಜವಾದ ಕಷ್ಟ ಕಾಗದದಲ್ಲಿದೆ.

ನನಗೆ ಕೊಟ್ಟಿದ್ದು ಎಚ್‌-4 ಎಂಬ ವೀಸಾ. ಅಲ್ಲಿ ಕೆಲಸಕ್ಕೆ ಬಂದವನ ಹೆಂಡತಿಗೆ ಕೊಡುವ ವೀಸಾ ಅದು. ಅದರ ಮೇಲೆ ಕೂಲಿಗೆ ಹೋಗುವಂತಿಲ್ಲ. ಇಲ್ಲಿ ಬಿ.ಎಸ್ಸಿ. ಓದಿ ಎರಡು ವರ್ಷ ಪಾಠ ಮಾಡಿದ್ದೆ. ಅಲ್ಲಿ ಪಕ್ಕದ ಮನೆ ಮಗುವನ್ನು ನೋಡಿಕೊಂಡು ಹತ್ತು ಡಾಲರು ಇಸಿದುಕೊಂಡರೂ ಅಪರಾಧ. ಕೆಲಸದ ಪರವಾನಗಿ ಇಲ್ಲವಾದ್ದರಿಂದ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಡುವುದಿಲ್ಲ. ಅದೊಂದು ಅಂಕಿ ಇಲ್ಲದಿದ್ದರೆ ಮನೆ ಬಾಡಿಗೆಗೆ ಹಿಡಿಯುವುದರಿಂದ ಹಿಡಿದು ಫೋನ್ ಹಾಕಿಸುವವರೆಗೆ ಎಲ್ಲದಕ್ಕೂ ತೊಡಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಕಾರು, ಎಲ್ಲದರ ಮೇಲೂ ಗಂಡನ ಹೆಸರು. ಮದುವೆ ಮುರಿದರೆ ವೀಸಾವೂ ಮುರಿಯಿತು. ನನ್ನ ಗಂಡ ಒಳ್ಳೆಯ ಮನುಷ್ಯ. ಹೋದ ವಾರವೇ ಬ್ಯಾಂಕ್ ಖಾತೆಗೆ ನನ್ನ ಹೆಸರು ಸೇರಿಸಿದರು, ನನ್ನ ಪಾಸ್‌ಪೋರ್ಟು ನನ್ನ ಪೆಟ್ಟಿಗೆಯಲ್ಲೇ ಇತ್ತು. ಆದರೂ ಯೋಚಿಸಿ. ನಾನು ನೆಮ್ಮದಿಯಾಗಿದ್ದದ್ದು ಒಬ್ಬರ ಒಳ್ಳೆಯತನದಿಂದ, ನನ್ನ ಹಕ್ಕಿನಿಂದಲ್ಲ. ಆ ಒಳ್ಳೆಯತನ ಇಲ್ಲದ ಮನೆಯಲ್ಲಿ ಅದೇ ಕಾಗದ ಏನಾಗಬಹುದು?

ಅದು ಏನಾಗುತ್ತದೆ ಎಂದು ಆಮೇಲೆ ಕಂಡೆ. 1985ರಲ್ಲಿ ನ್ಯೂಜೆರ್ಸಿಯಲ್ಲಿ ‘ಮಾನವಿ’ ಎಂಬ ಸಂಘಟನೆ ಹುಟ್ಟಿತ್ತು. ದೌರ್ಜನ್ಯಕ್ಕೊಳಗಾದ ನಮ್ಮ ಕಡೆಯ ಹೆಂಗಸರಿಗಾಗಿ ಅಮೆರಿಕದಲ್ಲಿ ಶುರುವಾದ ಮೊದಲ ಸಂಘಟನೆ ಅದು. 1989ರಲ್ಲಿ ನ್ಯೂಯಾರ್ಕಿನಲ್ಲಿ ‘ಸಖಿ’, 1991ರಲ್ಲಿ ಕ್ಯಾಲಿಫೋರ್ನಿಯದಲ್ಲಿ ‘ಮೈತ್ರಿ’ ಬಂದವು. ಲಂಡನ್ನಿನಲ್ಲಿ ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ 1979ರಷ್ಟು ಹಿಂದೆಯೇ ಕೆಲಸ ಆರಂಭಿಸಿತ್ತು. ಓದುಬರಹ ಬಲ್ಲವರು, ಇಂಜಿನಿಯರುಗಳು, ಡಾಕ್ಟರುಗಳು ಇರುವ ಸಮಾಜ, ಅಲ್ಲಿ ಇಂಥದ್ದು ಎಲ್ಲಿರುತ್ತದೆ ಎಂದು ಆಗ ನಮ್ಮವರೇ ಮೂಗು ಮುರಿಯುತ್ತಿದ್ದರು. ಇದ್ದದ್ದರಿಂದಲೇ ಈ ಸಂಘಟನೆಗಳು ಬೇಕಾದವು. ಇಂಥದ್ದೇ ಒಂದು ಚಿಕ್ಕ ಗುಂಪಿನಲ್ಲಿ ನಾನು ವಾರಕ್ಕೆ ಎರಡು ಸಂಜೆ ಫೋನಿನ ಮುಂದೆ ಕೂರುತ್ತಿದ್ದೆ. ಕನ್ನಡ ಬರುವವಳು ನಾನೊಬ್ಬಳೇ. ಫೋನ್ ಎತ್ತಿ ‘ಹೇಳಿ, ನಾನು ಕನ್ನಡದವಳೇ’ ಎಂದರೆ ಆ ಕಡೆ ಮೊದಲು ಅಳು ಬರುತ್ತಿತ್ತು. ಮಾತು ಆಮೇಲೆ.

ಒಬ್ಬಳ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. 2009ರಲ್ಲಿ ಬಂದವಳು. ತಂದೆ ಸಹಕಾರ ಸಂಘದಲ್ಲಿ ಗುಮಾಸ್ತರು. ಅಮೆರಿಕದ ವರ ಎಂದು ಸೈಟು ಮಾರಿ ಮದುವೆ ಮಾಡಿದ್ದರು. ಒಡವೆಯೆಲ್ಲ ಅತ್ತೆ ಮನೆಯ ಲಾಕರಿನಲ್ಲಿ. ‘ಅಷ್ಟೊಂದು ಚಿನ್ನ ತಗೊಂಡು ಹೋದ್ರೆ ಕಸ್ಟಮ್ಸಿನವರು ಹಿಡೀತಾರೆ, ಇಲ್ಲೇ ಇರ್ಲಿ’ ಎಂದು ಬಿಚ್ಚಿಸಿಕೊಂಡಿದ್ದರು. ಅಲ್ಲಿಗೆ ಹೋದ ದಿನ ಪಾಸ್‌ಪೋರ್ಟನ್ನು ಗಂಡ ‘ಜೋಪಾನ’ಕ್ಕೆಂದು ಆಫೀಸಿಗೆ ತೆಗೆದುಕೊಂಡು ಹೋದ. ಏಟು ಬೀಳಲು ಶುರುವಾಗಿದ್ದು ಎರಡನೇ ತಿಂಗಳು. ಕಾರಣ, ಮಾತಾಡಿಕೊಂಡ ಹಣದಲ್ಲಿ ಎರಡು ಲಕ್ಷ ಬಾಕಿ.

ಅವಳನ್ನು ಮನೆಯಲ್ಲಿ ಕೂಡಿ ಹಾಕಿದ್ದರೇ ಎಂದು ಪೊಲೀಸರು ಆಮೇಲೆ ಕೇಳಿದರು. ಇಲ್ಲ. ಬಾಗಿಲಿಗೆ ಬೀಗ ಹಾಕಬೇಕಾದ ಅಗತ್ಯವೇ ಅವನಿಗಿರಲಿಲ್ಲ. ಚಳಿಗಾಲದ ಕೋಟು ಕೊಡಿಸಿರಲಿಲ್ಲ, ಅಷ್ಟೆ. ಹೊರಗೆ ಮೊಣಕಾಲುದ್ದ ಹಿಮ. ಬಸ್ ನಿಲ್ದಾಣ ಎರಡು ಮೈಲಿ. ಕಾರಿನ ಬೀಗದಕೈ ಅವನ ಜೇಬಿನಲ್ಲಿ. ಕೈಯಲ್ಲಿ ಒಂದು ಡಾಲರಿಲ್ಲ. ಫೋನು ಅವನ ಹೆಸರಿನದು, ತಿಂಗಳ ಕೊನೆಗೆ ಯಾರಿಗೆ ಎಷ್ಟು ನಿಮಿಷ ಎಂಬ ಪಟ್ಟಿ ಬರುತ್ತಿತ್ತು. ‘ಪೊಲೀಸಿಗೆ ಹೇಳಿದರೆ ನಿನ್ನನ್ನೇ ಗಡೀಪಾರು ಮಾಡುತ್ತಾರೆ’ ಎಂದು ದಿನಕ್ಕೊಂದು ಸಲ ಹೇಳುತ್ತಿದ್ದ. ನಾನು ಒಂದು ವರ್ಷದಲ್ಲಿ ರೂಢಿ ಮಾಡಿಕೊಂಡ ಚಳಿ, ದಾರಿ, ಬಸ್ಸು, ಭಾಷೆ, ಕಾಗದ ಎಲ್ಲವೂ ಅವಳ ಮನೆಯಲ್ಲಿ ಗಂಡನ ಕೈಯ ಆಯುಧವಾಗಿದ್ದವು. ಹೊಸಬಳು ಊರಿಗೆ ಹೊಂದಿಕೊಳ್ಳದಂತೆ ನೋಡಿಕೊಂಡರೆ ಸಾಕು, ಬೇರೆ ಜೈಲು ಬೇಡ.

ತಾಯಿಗೆ ಹೇಳಲಿಲ್ಲವೇ? ಹೇಳಿದಳು, ಸುತ್ತುಬಳಸಿ ಹೇಳಿದಳು. ತಾಯಿ ಅಂದದ್ದು ಏನು ಗೊತ್ತೇ? ‘ಹೊಸ ದೇಶ, ಹೊಸ ಗಂಡ, ಸ್ವಲ್ಪ ಹೊಂದ್ಕೊಂಡು ಹೋಗಮ್ಮ.’

ಸೋದರಿಯರೇ, ನಾನು ಇವತ್ತು ಇಲ್ಲಿಗೆ ಬಂದದ್ದು ಈ ಒಂದು ಮಾತಿನ ಬಗ್ಗೆ ಮಾತಾಡಲು. ಹೊಂದಿಕೊಳ್ಳುವುದು ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೇವೆ. ಒಂದು, ಊರಿಗೆ ಹೊಂದಿಕೊಳ್ಳುವುದು. ಇನ್ನೊಂದು, ಏಟಿಗೆ ಹೊಂದಿಕೊಳ್ಳುವುದು. ಊರಿಗೆ ಹೊಂದಿಕೊಂಡ ಹಾಗೆಲ್ಲ ಹೆಣ್ಣು ಹೊರಗೆ ಬರುತ್ತಾಳೆ, ನಾಲ್ಕು ಜನರ ಗುರುತಾಗುತ್ತದೆ, ಕೈಯಲ್ಲಿ ಒಂದಿಷ್ಟು ದುಡ್ಡು ಆಡುತ್ತದೆ. ಏಟಿಗೆ ಹೊಂದಿಕೊಂಡ ಹಾಗೆಲ್ಲ ಅವಳು ಮೂಲೆ ಸೇರುತ್ತಾಳೆ. ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕು. ಆದರೆ ದೂರದಲ್ಲಿರುವ ತಾಯಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ‘ಹೂಂ, ಹೊಂದಿಕೊಂಡಿದ್ದೇನೆ ಅಮ್ಮ.’

ಈಗ ವಾಟ್ಸಾಪಿನಲ್ಲಿ ಮುಖ ಕಾಣುತ್ತಲ್ಲ ಎನ್ನುತ್ತೀರಿ. ಮುಖ ಮಾತ್ರ ಕಾಣುತ್ತದೆ. ಫೋನಿನ ಆಚೆ ಬದಿ ಯಾರು ನಿಂತಿದ್ದಾರೆ ಎಂಬುದು ಕಾಣುವುದಿಲ್ಲ. ಇವತ್ತು ಹೆಂಡತಿಯ ಫೋನು ಎಲ್ಲಿದೆ ಎಂದು ಗಂಡ ತನ್ನ ಫೋನಿನಲ್ಲೇ ನೋಡಬಹುದು, ಬಾಗಿಲ ಬಳಿ ಕ್ಯಾಮೆರಾ ಇಡಬಹುದು. ಹಾಗಾಗಿ ‘ಊಟ ಆಯ್ತಾ, ಚಳಿ ಇದೆಯಾ’ ಎಂದು ಮಾತ್ರ ಕೇಳಬೇಡಿ. ‘ಈ ವಾರ ಒಬ್ಬಳೇ ಎಲ್ಲಿಗೆ ಹೋಗಿದ್ದೆ? ಯಾರ ಹತ್ತಿರ ಮಾತಾಡಿದೆ? ನಿನ್ನ ಪಾಸ್‌ಪೋರ್ಟು ಯಾವ ಡ್ರಾಯರಿನಲ್ಲಿದೆ?’ ಎಂದು ಕೇಳಿ. ಆರು ತಿಂಗಳಾದರೂ ಈ ಪ್ರಶ್ನೆಗಳಿಗೆ ಉತ್ತರ ತಡವರಿಸಿದರೆ ಏನೋ ಇದೆ ಎಂದು ತಿಳಿಯಿರಿ. ನನಗೆ ಗೊತ್ತಿರುವ ಒಬ್ಬ ತಾಯಿ ಮಗಳನ್ನು ಕಳಿಸುವ ಮುಂಚೆ ಒಂದು ಗುಟ್ಟಿನ ಮಾತು ಕಟ್ಟಿಕೊಂಡಿದ್ದರು. ‘ಹಿತ್ತಲ ಕರಿಬೇವು ಹೇಗಿದೆ?’ ಎಂದು ಮಗಳು ಕೇಳಿದರೆ ತೊಂದರೆಯಲ್ಲಿದ್ದಾಳೆ ಎಂದರ್ಥ. ಅವರ ಹಿತ್ತಲಲ್ಲಿ ಕರಿಬೇವಿನ ಗಿಡವೇ ಇರಲಿಲ್ಲ. ಆ ಮಾತು ಒಮ್ಮೆ ಬಂತು, ಕೆಲಸಕ್ಕೂ ಬಂತು.

ಆ ಹುಡುಗಿಯ ಕತೆ ಮುಗಿಸುತ್ತೇನೆ. ಅವಳ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಯಂತ್ರಗಳಿದ್ದವು. ವಾರಕ್ಕೊಮ್ಮೆ ಅವಳು ಮನೆ ಬಿಟ್ಟು ಹೊರಡುತ್ತಿದ್ದದ್ದು ಅಲ್ಲಿಗೆ ಮಾತ್ರ. ಮೆಕ್ಸಿಕೋ ದೇಶದ ಒಬ್ಬ ಹೆಂಗಸು ಅಲ್ಲಿ ಸಿಗುತ್ತಿದ್ದಳು. ಇವಳ ಇಂಗ್ಲಿಷು ಅಷ್ಟಕ್ಕಷ್ಟೆ, ಅವಳದ್ದು ಅದಕ್ಕಿಂತ ಕಡಿಮೆ. ಕೈ ಮೇಲಿನ ಕಂದು ಕಲೆ ಓದಲು ಭಾಷೆ ಬೇಕೇ? ಮೂರನೇ ವಾರ ಅವಳು ಒಂದು ಹಳೆಯ ಕೋಟು ತಂದುಕೊಟ್ಟಳು. ನಾಲ್ಕನೇ ವಾರ ಲೈಬ್ರರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಹೆಂಗಸರ ಶೌಚಾಲಯದ ಗೋಡೆಗೆ ಒಂದು ಚೀಟಿ ಅಂಟಿಸಿತ್ತು, ಕೆಳಗೆ ಹರಿದುಕೊಳ್ಳುವಂತೆ ಫೋನ್ ನಂಬರಿನ ಪಟ್ಟಿಗಳು. ಹುಡುಗಿ ಅದನ್ನು ಹರಿದುಕೊಳ್ಳಲಿಲ್ಲ, ಗಂಡ ಜೇಬು ನೋಡುತ್ತಾನೆಂದು. ಹತ್ತು ಅಂಕಿಯನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಳು. ಆ ಮೆಕ್ಸಿಕೋದ ಅಕ್ಕನ ಫೋನಿನಿಂದ ನಮಗೆ ಕರೆ ಮಾಡಿದಳು.

ಮುಂದಿನದು ಸಲೀಸಾಗಿ ನಡೆಯಲಿಲ್ಲ. ಒಂದು ರಾತ್ರಿ ಏಟು ಮಿತಿ ಮೀರಿ ಅವಳು 911ಕ್ಕೆ ಫೋನ್ ಮಾಡಿದಳು. ನ್ಯೂಜೆರ್ಸಿಯ 1991ರ ಕಾಯಿದೆಯಂತೆ, ಗಾಯದ ಗುರುತು ಕಂಡರೆ ಪೊಲೀಸರು ಹೊಡೆದವನನ್ನು ಹಿಡಿಯಲೇಬೇಕು. ಅವರು ಬರುವಷ್ಟರಲ್ಲಿ ಗಂಡ ತನ್ನ ಕೈಯನ್ನು ತಾನೇ ಪರಚಿಕೊಂಡಿದ್ದ. ಸರಾಗ ಇಂಗ್ಲಿಷಿನಲ್ಲಿ ‘ಇವಳೇ ಮೈಮೇಲೆ ಬಿದ್ದಳು, ತಲೆ ಸರಿಯಿಲ್ಲ’ ಎಂದ. ಇವಳಿಗೆ ಗಾಬರಿಯಲ್ಲಿ ಬರುವ ಇಂಗ್ಲಿಷೂ ಮರೆತುಹೋಗಿತ್ತು. ಪೊಲೀಸರು ಅವನನ್ನೇ ದುಭಾಷಿಯಾಗಿ ಮಾಡಿಕೊಳ್ಳಲು ಹೊರಟಿದ್ದರು! ನಾವು ಹೇಳಿಕೊಟ್ಟಿದ್ದ ಒಂದು ವಾಕ್ಯ ಅವಳ ಬಾಯಿಗೆ ಬಂತು. ‘ಇಂಟರ್‌ಪ್ರಿಟರ್, ಕನ್ನಡ.’ ಅಷ್ಟೇ ಎರಡು ಪದ. ಫೋನಿನಲ್ಲಿ ದುಭಾಷಿಯನ್ನು ಹಿಡಿದು, ಅವಳನ್ನು ಬೇರೆ ಕೋಣೆಗೆ ಕರೆದು ಕೇಳಿದರು. ಬೆನ್ನು ತೋರಿಸಿದಳು. ಇದನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿ. ಗಂಡ ಅನುವಾದ ಮಾಡಬಾರದು, ಬೇರೆ ಕೋಣೆಯಲ್ಲಿ ಮಾತಾಡಬೇಕು, ನನ್ನ ಭಾಷೆ ಕನ್ನಡ.

ಕೋರ್ಟು ಗಂಡ ಅವಳಿಂದ ದೂರವಿರಬೇಕೆಂದು ಆಜ್ಞೆ ಮಾಡಿತು. ಈ ಆಜ್ಞೆ ಪಡೆಯಲು ಯಾವ ವೀಸಾ ಇದೆ ಎಂಬುದು ಅಡ್ಡಿಯಲ್ಲ. ಆದರೆ ಹೊಟ್ಟೆಗೆ? ಅವನಿಗೆ ಶಿಕ್ಷೆಯಾದರೆ ಅವನ ಕೆಲಸ ಹೋಗುತ್ತದೆ, ಅವನ ವೀಸಾ ಹೋಗುತ್ತದೆ, ಅದರ ಜೊತೆ ಇವಳದ್ದೂ ಹೋಗುತ್ತದೆ. ಹೆಂಗಸರು ಬಾಯಿ ಮುಚ್ಚಿಕೊಂಡಿರುವುದು ಅಂಜಿಕೆಯಿಂದ ಮಾತ್ರವಲ್ಲ, ಈ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿರುವುದರಿಂದ. ಅಮೆರಿಕದಲ್ಲಿ 1994ರಲ್ಲೇ ಮಹಿಳಾ ದೌರ್ಜನ್ಯದ ವಿರುದ್ಧ ಕಾಯಿದೆ ಬಂದಿತ್ತು. ಗಂಡ ಅಲ್ಲಿಯ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಹೆಂಡತಿ ಅವನ ಸಹಿ ಇಲ್ಲದೆ ತಾನೇ ಅರ್ಜಿ ಹಾಕಿಕೊಳ್ಳಬಹುದು. ನಮ್ಮ ಎಚ್‌-4 ಹೆಂಗಸರು ಅದರ ಹೊರಗೆ ಉಳಿದರು. 2006ರ ಜನವರಿಯಲ್ಲಿ ಸಹಿಯಾದ ತಿದ್ದುಪಡಿಯಲ್ಲಿ, ದೌರ್ಜನ್ಯಕ್ಕೊಳಗಾದ ಎಚ್‌-4 ಹೆಂಡತಿಗೂ ಕೆಲಸದ ಪರವಾನಗಿ ಕೊಡಬಹುದು ಎಂದಾಯಿತು. ಅದಕ್ಕೆ ಅರ್ಜಿಯ ನಮೂನೆ ಹೊರಬಂದಿದ್ದು 2017ರಲ್ಲಿ! ಹನ್ನೊಂದು ವರ್ಷ ಕಾನೂನು ಇತ್ತು, ಅರ್ಜಿ ಫಾರಮ್ಮು ಇರಲಿಲ್ಲ. ತಾಲ್ಲೂಕು ಕಚೇರಿ ಅಲೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿಯೂ ಹಾಗೇ. ಇದಲ್ಲದೆ, ಅಪರಾಧಕ್ಕೆ ಬಲಿಯಾಗಿ ಪೊಲೀಸರಿಗೆ ನೆರವಾದವರಿಗೆ 2000ದ ಕಾನೂನಿನಂತೆ ಯು ವೀಸಾ ಎಂಬುದೊಂದಿದೆ. ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. 2015ರ ಮೇ ತಿಂಗಳಲ್ಲಿ ಇನ್ನೊಂದು ನಿಯಮ ಬಂತು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿ ಕೆಲಸದ ಪರವಾನಗಿ ಕೇಳಬಹುದು. ಅಂದರೆ ಅದೂ ಗಂಡನ ಕಾಗದಕ್ಕೇ ಗಂಟು.

ಆ ಹುಡುಗಿಗೆ 2010ರಲ್ಲಿ ಇವು ಯಾವುವೂ ಕೈಗೆ ಸಿಗುವಂತಿರಲಿಲ್ಲ. ಆಶ್ರಯಧಾಮದಲ್ಲಿ ಐದು ತಿಂಗಳಿದ್ದು ಊರಿಗೆ ಬಂದಳು. ಇಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಒಡವೆ ಕೇಳಿದಳು. ಅರ್ಧ ಮಾತ್ರ ಬಂತು. ಉಳಿದರ್ಧಕ್ಕೆ ರಸೀದಿ ಇರಲಿಲ್ಲ. ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ.

ರಸೀದಿಯ ಮಾತು ಬಂದದ್ದರಿಂದ ವರದಕ್ಷಿಣೆಯ ವಿಷಯ. ಕೊಡಬೇಡಿ ಎಂಬುದನ್ನು ಈ ಪತ್ರಿಕೆ, ಈ ಚಳವಳಿ ಎಷ್ಟೋ ವರ್ಷದಿಂದ ಹೇಳುತ್ತಿವೆ. ಪರದೇಶದ ಗಂಡಿಗೆ ದರ ಹೆಚ್ಚು, ಹೆಸರು ಬೇರೆ. ವಿಮಾನದ ಟಿಕೆಟ್ಟು ಎನ್ನುತ್ತಾರೆ, ವೀಸಾ ಖರ್ಚು ಎನ್ನುತ್ತಾರೆ, ಹುಡುಗನ ಓದಿನ ಸಾಲ ತೀರಿಸಿಬಿಡಿ ಎನ್ನುತ್ತಾರೆ. ಯಾವ ಹೆಸರಿಟ್ಟರೂ 1961ರ ಕಾಯಿದೆಯ ಕಣ್ಣಿಗೆ ಅದು ವರದಕ್ಷಿಣೆಯೇ. ‘ಕೊಟ್ಟವರೂ ಜೈಲಿಗೆ ಹೋಗ್ತೀರಿ’ ಎಂದು ಹೆದರಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ 7ನೇ ಸೆಕ್ಷನ್ ಹೇಳುತ್ತದೆ. ಮದುವೆಯಲ್ಲಿ ಬಂದ ಉಡುಗೊರೆಗಳಿಗೆ ಪಟ್ಟಿ ಬರೆದು ಸಹಿ ಹಾಕಬೇಕೆಂದು 1985ರಲ್ಲೇ ನಿಯಮ ಮಾಡಿದ್ದಾರೆ. ಎಷ್ಟು ಮದುವೆಗಳಲ್ಲಿ ಆ ಪಟ್ಟಿ ಬರೆದದ್ದನ್ನು ನೋಡಿದ್ದೀರಿ? ನಾನಂತೂ ಬೆರಳೆಣಿಕೆಯಷ್ಟು. ಮಗಳಿಗೆ ನೀವು ಪ್ರೀತಿಯಿಂದ ಹಾಕಿದ್ದು ಅವಳ ಸ್ತ್ರೀಧನ. ತೂಕ, ಅಂಗಡಿ ಬಿಲ್ಲು, ಫೋಟೋ ನಿಮ್ಮ ಬಳಿ ಇರಲಿ. ಅತ್ತೆಯ ಲಾಕರಿಗಿಂತ ಮಗಳ ಹೆಸರಿನ ಲಾಕರು ವಾಸಿ. ಇನ್ನೂ ಒಂದು ಮಾತು. ಎರಡು ಎಳೆ ಸರಕ್ಕೆ ಮೂರನೇ ಎಳೆ ಸೇರಿಸುವ ಬದಲು, ಆ ಹಣವನ್ನು ಅವಳ ಒಬ್ಬಳದೇ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿ. ಅದು ವಾಪಸು ಬರುವ ಟಿಕೆಟ್ಟಿನ ದುಡ್ಡು. ಬಳಸುವ ಪ್ರಸಂಗ ಬರದೇ ಇರಲಿ, ಆದರೆ ಇದೆ ಎಂಬುದು ಅವಳಿಗೆ ಗೊತ್ತಿರಲಿ.

ಗಂಡು ಹದಿನೈದು ದಿನದ ರಜೆಗೆ ಬಂದಿದ್ದಾನೆ, ಬೇಗ ಮುಗಿಸಿಬಿಡೋಣ ಎಂದು ಅವಸರ ಮಾಡಿದರೆ ಅಲ್ಲೇ ನಿಲ್ಲಿ. ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ ನೋಡುತ್ತೇವೆ. ಅವನ ಪಾಸ್‌ಪೋರ್ಟು, ವೀಸಾ, ಕೆಲಸದ ಪತ್ರ, ಅಲ್ಲಿಯ ವಿಳಾಸ ಕೇಳುವುದರಲ್ಲಿ ಏನು ಅವಮಾನ? ಅಲ್ಲಿ ಮೊದಲೇ ಒಂದು ಮದುವೆಯಾಗಿದೆಯೇ ಎಂದು ಆ ಊರಿನ ಕನ್ನಡದವರಲ್ಲಿ ವಿಚಾರಿಸಿ. ಮದುವೆಯನ್ನು ನೋಂದಣಿ ಮಾಡಿಸಿ. 2006ರಲ್ಲಿ ಸುಪ್ರೀಂ ಕೋರ್ಟು ಇದು ಎಲ್ಲರಿಗೂ ಕಡ್ಡಾಯವಾಗಬೇಕೆಂದು ಹೇಳಿದೆ.

ಇನ್ನೊಂದು ಬಗೆಯ ಮೋಸವೂ ಇದೆ. ಹೆಂಡತಿಯನ್ನು ರಜೆಗೆಂದು ಊರಿಗೆ ಕರೆದುಕೊಂಡು ಬರುತ್ತಾನೆ. ತವರಿನಲ್ಲಿ ಬಿಡುತ್ತಾನೆ. ‘ವೀಸಾ ಹಾಕಿಸಿಕೊಂಡು ಬರ್ತೀನಿ’ ಎಂದು ಅವಳ ಪಾಸ್‌ಪೋರ್ಟು ಒಯ್ದವನು ಒಬ್ಬನೇ ವಿಮಾನ ಹತ್ತುತ್ತಾನೆ. ಆರು ತಿಂಗಳಿಗೆ ಅಲ್ಲಿಯ ಕೋರ್ಟಿನಿಂದ ವಿಚ್ಛೇದನದ ಕಾಗದ ಬರುತ್ತದೆ. ಆ ಕಾಗದ ನೋಡಿದ ಕೂಡಲೇ ಎಲ್ಲ ಮುಗಿಯಿತೆಂದು ಅಳುತ್ತಾ ಕೂರಬೇಡಿ. 1991ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಕೇಸು ಬಂದಿತ್ತು. ತಿರುಪತಿಯಲ್ಲಿ ಆದ ಮದುವೆ, ಅಮೆರಿಕದ ಮಿಸೌರಿ ರಾಜ್ಯದಲ್ಲಿ ಗಂಡ ಪಡೆದ ವಿಚ್ಛೇದನ. ಇಲ್ಲಿ ಯಾವ ಕಾನೂನಿನಂತೆ ಮದುವೆಯಾದರೋ ಆ ಕಾನೂನು ಒಪ್ಪುವ ಕಾರಣ ಇಲ್ಲದೆ, ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪದೆ ಕೊಟ್ಟ ವಿಚ್ಛೇದನ ಇಲ್ಲಿ ನಡೆಯುವುದಿಲ್ಲ ಎಂದು ತೀರ್ಪಾಯಿತು. ಆದ್ದರಿಂದ ನೋಟಿಸಿಗೆ ಉತ್ತರ ಬರೆಯುವ ಮುಂಚೆಯೇ ವಕೀಲರನ್ನು ಕಾಣಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಹಿಂಸೆ ನಡೆದದ್ದು ಅಲ್ಲಿ, ಇಲ್ಲಿ ಹೇಗೆ ದೂರು ಎಂದು ಠಾಣೆಯಲ್ಲಿ ಸಾಗಹಾಕುತ್ತಾರೆ. ಗಂಡನ ಮನೆಯ ಹಿಂಸೆ ತಾಳದೆ ಬಂದವಳು ತಾನು ಆಶ್ರಯ ಪಡೆದ ಊರಿನಲ್ಲೂ, ಅಂದರೆ ತವರಿನಲ್ಲೂ, ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟು 2019ರ ಏಪ್ರಿಲ್‌ನಲ್ಲಿ ಹೇಳಿದೆ. ನಾವು 498ಎ ಎಂದು ಕರೆಯುತ್ತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ. ನಂಬರು ಬದಲಾಗಿದೆ, ಅಪರಾಧ ಅದೇ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇಂಥ ಮದುವೆಗಳ ದೂರಿಗೆಂದೇ 2009ರಿಂದ ಒಂದು ವಿಭಾಗ ಇದೆ.

ಮಗುವಿನ ವಿಷಯದಲ್ಲಿ ಮಾತ್ರ ಜೋಪಾನ. ಅಲ್ಲಿ ಹುಟ್ಟಿದ ಮಗುವನ್ನು ಗಂಡನಿಗೆ ತಿಳಿಸದೆ ಎತ್ತಿಕೊಂಡು ಬಂದರೆ ಅಲ್ಲಿಯ ಕಾನೂನು ಅದನ್ನು ಅಪಹರಣ ಎನ್ನಬಹುದು. ಹೆತ್ತ ತಾಯಿಯೇ ಅಪಹರಣಕಾರಳೇ ಎಂದು ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೂ ಸಾಧ್ಯವಾದಲ್ಲಿ ಅಲ್ಲಿಯ ಕೋರ್ಟಿನ ಅನುಮತಿ ಪಡೆದೇ ಹೊರಡುವುದು ಕ್ಷೇಮ. ಅಲ್ಲಿಯ ಮಹಿಳಾ ಸಂಘಟನೆಗಳು ಇದಕ್ಕೆ ವಕೀಲರನ್ನು ಗೊತ್ತುಮಾಡಿಕೊಡುತ್ತವೆ.

ಕುವೈತಿಗೆ ಹೋಗಿಬಂದ ನಮ್ಮ ಅಕ್ಕಂದಿರು ಇಷ್ಟು ಹೊತ್ತು ತಲೆ ಆಡಿಸುತ್ತಿದ್ದಾರೆ. ಯಾಕೆಂದು ನನಗೆ ಗೊತ್ತು. ಅಮೆರಿಕದಲ್ಲಿ ಹೆಂಡತಿಯ ಕಾಗದ ಗಂಡನಿಗೆ ಗಂಟು ಬಿದ್ದಿದ್ದರೆ, ಕೊಲ್ಲಿ ದೇಶಗಳಲ್ಲಿ ಮನೆಗೆಲಸದವಳ ಕಾಗದ ಯಜಮಾನನಿಗೆ ಗಂಟು. ಅದಕ್ಕೆ ಕಫಾಲಾ ಪದ್ಧತಿ ಎನ್ನುತ್ತಾರೆ. ಕುವೈತಿನಲ್ಲಿ 2015ರಲ್ಲಿ ಮನೆಗೆಲಸದವರಿಗೆ ಕಾನೂನು ಬಂದಿದೆ, ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವುದು ತಪ್ಪು. ಆದರೂ ಕಿತ್ತಿಟ್ಟುಕೊಳ್ಳುತ್ತಾರೆ. ಹತ್ತನೇ ತರಗತಿ ಪಾಸಾಗದವರು ಈ ದೇಶಗಳಿಗೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ ಬೇಕು, ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದ ಏಜೆಂಟನನ್ನು ನಂಬಬೇಡಿ. ಆ ದಾರಿಯಲ್ಲಿ ಹೋದವಳು ಯಾವ ದಫ್ತರಿನಲ್ಲೂ ಇರುವುದಿಲ್ಲ. ತೊಂದರೆಯಾದರೆ ಭಾರತದ ರಾಯಭಾರ ಕಚೇರಿಗೆ ಹೋಗಿ. ಅಲ್ಲಿ 2009ರಿಂದ ಭಾರತೀಯರ ಕಷ್ಟಕ್ಕೆಂದು ಒಂದು ಕಲ್ಯಾಣ ನಿಧಿ ಇದೆ, ವಾಪಸು ಕಳಿಸಲು ಅದರಿಂದ ಖರ್ಚು ಮಾಡುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದವರು ಆ ಅಕ್ಕಂದಿರೇ, ನಾನಲ್ಲ.

ಪರದೇಶದ ಕನ್ನಡ ಕೂಟಗಳ ಬಗ್ಗೆ ಕೇಳುತ್ತೀರಿ. ಅಲ್ಲಿ ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತಾರೆ, ಹೋಳಿಗೆ ಊಟವೂ ಇರುತ್ತದೆ. ಹೊಸಬಳಿಗೆ ಕನ್ನಡ ಕಿವಿಗೆ ಬಿದ್ದರೆ ಅರ್ಧ ಜ್ವರ ಇಳಿಯುತ್ತದೆ. ಆದರೆ ಏಟು ತಿಂದವಳು ರೇಷ್ಮೆ ಸೀರೆಯುಟ್ಟು ಗಂಡನ ಪಕ್ಕ ಬಂದಾಗ, ಯಾಕಮ್ಮ ಸೊರಗಿದ್ದೀಯ ಎಂದು ಕೇಳುವವರು ಕಡಿಮೆ. ಸಮುದಾಯದ ಹೆಸರು ಕೆಡಬಾರದು ಎಂಬ ಕಾಳಜಿಯೇ ಹೆಚ್ಚು. ನನಗೆ ಮೊದಲು ಕೆಲಸಕ್ಕೆ ಬಂದದ್ದು ಸಾರ್ವಜನಿಕ ಲೈಬ್ರರಿ. ಹಣ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಬೆಚ್ಚಗಿರುತ್ತದೆ. ಹೊಸಬರಿಗೆ ಇಂಗ್ಲಿಷು ಪುಕ್ಕಟೆ ಕಲಿಸುತ್ತಾರೆ. ಸದಸ್ಯತ್ವಕ್ಕೆ ನಿಮ್ಮ ಹೆಸರಿಗೆ ಆ ವಿಳಾಸಕ್ಕೆ ಬಂದ ಒಂದು ಅಂಚೆ ತೋರಿಸಿ ಎಂದರು. ಮನೆಗೆ ಬರುವ ಎಲ್ಲ ಕಾಗದವೂ ಗಂಡನ ಹೆಸರಿಗೆ. ನನ್ನ ಹೆಸರು ಬರೆದಿದ್ದದ್ದು ಒಂದೇ, ಅಮ್ಮ ಬರೆದ ಪತ್ರ. ಆ ಲಕೋಟೆಯನ್ನೇ ತೋರಿಸಿದೆ, ಕಾರ್ಡು ಕೊಟ್ಟರು. ಹಾಗಾಗಿ ಫೋನು ಎಷ್ಟೇ ಇರಲಿ, ಮಗಳ ಹೆಸರಿಗೆ ಎರಡು ತಿಂಗಳಿಗೊಮ್ಮೆ ಒಂದು ಕಾಗದ ಅಂಚೆಗೆ ಹಾಕಿ.

ಕೆಲವು ನಂಬರುಗಳನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ತಂದಿದ್ದೇನೆ. ಅಮೆರಿಕದಲ್ಲಿ ಪೊಲೀಸಿಗೆ 911, ದೌರ್ಜನ್ಯದ ಸಹಾಯವಾಣಿ 1-800-799-7233, ಇದು 1996ರಿಂದ ಇದೆ, ಹಗಲುರಾತ್ರಿ ಎತ್ತುತ್ತಾರೆ, ದುಭಾಷಿ ಕೇಳಬಹುದು. ಇಂಗ್ಲೆಂಡಿನಲ್ಲಿ 999, ಜರ್ಮನಿ ಮೊದಲಾದ ಯುರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯದಲ್ಲಿ ಮೂರು ಸೊನ್ನೆ. ನಮ್ಮಲ್ಲಿ ಮಹಿಳಾ ಸಹಾಯವಾಣಿ 181. ಗುಂಪಿಗೊಂದರಂತೆ ಒಯ್ಯಿರಿ, ಮಗಳಿಗೆ ಫೋಟೋ ತೆಗೆದು ಕಳಿಸುವ ಬದಲು ಮಾತಿನಲ್ಲೇ ಹೇಳಿ ಬಾಯಿಪಾಠ ಮಾಡಿಸಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳಿಗೆ ಸಮಯ. ಎಲ್ಲರ ಎದುರು ಕೇಳಲಾಗದ್ದಿದ್ದರೆ ಊಟದ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿರುತ್ತೇನೆ, ಅಲ್ಲಿಗೆ ಬನ್ನಿ.